ಮನೆಯಲ್ಲೇ ಮೈ ಸ್ಕ್ರಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ರಬ್ ಅಂದರೆ ನಮ್ಮ ಹೆಸರುಹಿಟ್ಟಿನ ಸ್ನಾನವೇ ಅಲ್ಲವೇ?

ಹೆಚ್ಚುಕಡಿಮೆ ಅದೇ. ನರಕ ಚತುರ್ದಶಿಯ ಬೆಳಗ್ಗೆ ಮೈಗೆ ಎಣ್ಣೆ ಹಚ್ಚಿ ಹಿಟ್ಟು ತಿಕ್ಕಿ ತೊಳೆಯುವುದು, ಬೆಳಗಾವಿ ಕಡೆಯ ಉಟಣೆ, ಆಯುರ್ವೇದದವರು ಉದ್ವರ್ತನ ಎನ್ನುವ ಒಣಪುಡಿಯ ಉಜ್ಜುವಿಕೆ ಎಲ್ಲವೂ ಒಂದೇ ಕುಟುಂಬದವು. ವ್ಯತ್ಯಾಸ ಕಾಳಿನ ಗಾತ್ರದಲ್ಲಿದೆ. ಹಿಟ್ಟು ಎಣ್ಣೆಯನ್ನೂ ಕೊಳೆಯನ್ನೂ ಹೀರಿಕೊಂಡು ತೊಳೆಯುತ್ತದೆ, ಉಜ್ಜುವ ಕೆಲಸ ಅದಕ್ಕೆ ಎರಡನೆಯದು. ಸಕ್ಕರೆ, ಉಪ್ಪು, ಕಾಫಿ ಚರಟ ಮೊದಲು ಉಜ್ಜುತ್ತವೆ, ತೊಳೆಯುವ ಗುಣ ಅವಕ್ಕಿಲ್ಲ.

ಚರ್ಮಕ್ಕೆ ನಿಜವಾಗಿ ಏನಾಗುತ್ತದೆ?

ಚರ್ಮದ ತೀರ ಮೇಲಿನ ಪದರ ಸತ್ತ ಜೀವಕೋಶಗಳದು. ಒಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರಲು ವಯಸ್ಕರಲ್ಲಿ ಸುಮಾರು 4 ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಉದುರಲು ತಯಾರಾಗಿದ್ದೂ ಅಂಟಿಕೊಂಡಿರುವ ಕೋಶಗಳನ್ನು ಸ್ಕ್ರಬ್ ತುಸು ಬೇಗ ಇಳಿಸುತ್ತದೆ. ಹಾಗಾಗಿ ಮೈ ನುಣುಪಾಗುತ್ತದೆ, ಆಮೇಲೆ ಹಚ್ಚಿದ ಎಣ್ಣೆಯೋ ಕ್ರೀಮೋ ಸಮನಾಗಿ ಹರಡುತ್ತದೆ. ಅಷ್ಟೇ. ಮೈಬಣ್ಣ ಬದಲಾಗುವುದಿಲ್ಲ, ಕೊಬ್ಬು ಕರಗುವುದಿಲ್ಲ, ‘ವಿಷ’ವೇನೂ ಹೊರಗೆ ಬರುವುದಿಲ್ಲ.

ಮೊದಲ ಸಲ ಮಾಡುವವರು ಯಾವುದರಿಂದ ಶುರು ಮಾಡಬೇಕು?

ಸ್ನಾನದ ಪುಡಿಯಿಂದ. ತಪ್ಪಾದರೂ ಚರ್ಮಕ್ಕೆ ಹಾನಿ ಕಡಿಮೆ, ಒಮ್ಮೆ ಮಾಡಿಟ್ಟರೆ ಎರಡು ಮೂರು ತಿಂಗಳು ಬರುತ್ತದೆ. ಸುಮಾರು ಒಂದು ಕೆಜಿಗೆ ಅಳತೆ ಹೀಗೆ:

- ಸಿಪ್ಪೆ ಸಹಿತ ಹೆಸರುಕಾಳು 500 ಗ್ರಾಂ
- ಕಡಲೆಬೇಳೆ 250 ಗ್ರಾಂ
- ಅಕ್ಕಿ 100 ಗ್ರಾಂ
- ಮೆಂತ್ಯ 50 ಗ್ರಾಂ
- ಒಣಗಿದ ರೋಜಾ ದಳ 50 ಗ್ರಾಂ
- ಗಂಧ ಕಚೋರ (ಪರಿಮಳದ ಒಣ ಕೊಂಬು) 50 ಗ್ರಾಂ
- ಕಸ್ತೂರಿ ಅರಿಶಿನ 25 ಗ್ರಾಂ

ಕಿತ್ತಳೆ ಸಿಪ್ಪೆ ಬೇಕಿದ್ದರೆ ಒಣಗಿದ್ದು 30 ಗ್ರಾಂ ಸಾಕು. ಹಸಿ ಸಿಪ್ಪೆಯ ಮುಕ್ಕಾಲು ಪಾಲು ನೀರೇ ಆದ್ದರಿಂದ ಅಷ್ಟಕ್ಕೆ 120 ಗ್ರಾಂನಷ್ಟು ಸಿಪ್ಪೆ ಬೇಕು. ಹಣ್ಣನ್ನು ಚೆನ್ನಾಗಿ ತೊಳೆದು, ಸುಲಿದು, ನೆರಳಲ್ಲಿ 5–7 ದಿನ ಒಣಗಿಸಿ. ಮುರಿದರೆ ಟಕ್ ಎನ್ನಬೇಕು. ಬಗ್ಗಿದರೆ ಇನ್ನೂ ತೇವವಿದೆ ಎಂದರ್ಥ, ಆ ತೇವವೇ ಇಡೀ ಡಬ್ಬಕ್ಕೆ ಬೂಸು ತರುತ್ತದೆ.

ಕಾಳುಗಳನ್ನು ಒಂದು ದಿನ ಬಿಸಿಲಿಗೆ ಹಾಕಿ. ಕಚೋರ, ಅರಿಶಿನದ ಕೊಂಬುಗಳನ್ನು ಮೊದಲು ಕುಟ್ಟಾಣಿಯಲ್ಲಿ ಜಜ್ಜಿ. ಇಡಿಯಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡು ಹಾಳು. ಮಿಕ್ಸಿಯನ್ನು 30 ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಓಡಿಸಬೇಡಿ: ಜಾರು ಕಾದರೆ ಪುಡಿ ಬೆವರಿ ಗಂಟಾಗುತ್ತದೆ, ರೋಜಾದ ಪರಿಮಳವೂ ಹಾರಿಹೋಗುತ್ತದೆ.

ಮಿಲ್ಲಿಗೆ ಕೊಟ್ಟರೆ ಆಗದೇ?

ಆಗುತ್ತದೆ, ನುಣುಪೂ ಚೆನ್ನಾಗಿ ಬರುತ್ತದೆ. ಆದರೆ ನಿಮಗಿಂತ ಮುಂಚೆ ಯಾರು ಏನು ಬೀಸಿಸಿದರು ಎಂದು ನೋಡಿಕೊಳ್ಳಿ. ಮೆಣಸಿನಕಾಯಿಯೋ ಸಾರಿನ ಪುಡಿಯೋ ಬೀಸಿದ ಗಿರಣಿಯಲ್ಲಿ ಅದರ ಉಳಿಕೆ ನಿಮ್ಮ ಹಿಟ್ಟಿಗೆ ಸೇರಿದರೆ ಬಚ್ಚಲಲ್ಲಿ ಕುಣಿಯಬೇಕಾಗುತ್ತದೆ. ಅಕ್ಕಿಯೋ ರಾಗಿಯೋ ಬೀಸಿದ ಮೇಲೆ ಹಾಕಿಸಿ. ಅರ್ಧ ಕೆಜಿಗಿಂತ ಕಡಿಮೆಯಿದ್ದರೆ ಮಿಲ್ಲಿಗೆ ಹೋಗುವುದು ದಂಡ, ಅರ್ಧ ಭಾಗ ಗಿರಣಿಯಲ್ಲೇ ಉಳಿಯುತ್ತದೆ.

ಎಷ್ಟು ನುಣುಪಾಗಿರಬೇಕು?

ಹಳಬರು ‘ವಸ್ತ್ರಗಾಳಿತ’ ಎನ್ನುತ್ತಿದ್ದರು: ತೆಳು ಮಲ್ ಬಟ್ಟೆಯಲ್ಲಿ ಸೋಸಿದ ಪುಡಿ. ಮೈಗೆ ಅಷ್ಟು ಬೇಕಿಲ್ಲ, ಮೈದಾ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿದರೆ ಸಾಕು. ಪರೀಕ್ಷೆ ಸುಲಭ. ಚಿಟಿಕೆ ಪುಡಿಯನ್ನು ಒದ್ದೆ ಮಾಡಿ ಮುಂಗೈಯ ಒಳಭಾಗದಲ್ಲಿ ಹತ್ತು ಸುತ್ತು ತಿರುಗಿಸಿ. ಚುಚ್ಚಿದಂತಾದರೆ ಇನ್ನೊಮ್ಮೆ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ತರಿ ಹಿಮ್ಮಡಿಗೆ ಆದೀತು, ಮೈಗೆ ಬೇಡ. ಅಕ್ಕಿ ತರಿಯಂತೂ ಗಾಜಿನ ಚೂರಿನಂತೆ ಮೂಲೆ ಮೂಲೆಯಾಗಿ ಒಡೆಯುತ್ತದೆ, ನೀರಲ್ಲಿ ಕರಗುವುದೂ ಇಲ್ಲ. ‘ಅಕ್ಕಿಹಿಟ್ಟು ಹಚ್ಚಿದೆ, ಉರಿ ಬಂತು’ ಎನ್ನುವವರಲ್ಲಿ ಬಹುಪಾಲು ಮಂದಿ ಹಚ್ಚಿದ್ದು ಹಿಟ್ಟನ್ನಲ್ಲ, ತರಿಯನ್ನು.

ಹಿಟ್ಟು ಹಚ್ಚಿದರೆ ಗಂಟು ಗಂಟಾಗುತ್ತದೆ, ಎಣ್ಣೆಯೂ ಹೋಗುವುದಿಲ್ಲ. ಎಲ್ಲಿ ತಪ್ಪು?

ಎರಡು ಕಾರಣ. ಒಂದು, ಕುದಿಯುವ ನೀರಿನಲ್ಲಿ ಕಲಸಿರುತ್ತೀರಿ. ಪಿಷ್ಟ ಸುಮಾರು 60 ಡಿಗ್ರಿ ದಾಟಿದರೆ ಗಂಜಿಯಾಗಲು ಶುರುವಾಗುತ್ತದೆ, ಅದು ರೋಮಕ್ಕೆ ಅಂಟಿಕೊಂಡರೆ ಬಿಡಿಸುವುದೇ ಕಷ್ಟ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಬಳಸಿ.

ಇನ್ನೊಂದು, ಕ್ರಮ ತಿರುವುಮುರುವಾಗಿರುತ್ತದೆ. ಎಣ್ಣೆ ಹಚ್ಚಿದ ಮೈಗೆ ನೀರಲ್ಲಿ ಕಲಸಿದ ಹಿಟ್ಟು ಹಿಡಿಯುವುದಿಲ್ಲ, ಜಾರಿಹೋಗುತ್ತದೆ. ಎಣ್ಣೆ ಹಚ್ಚಿದ್ದರೆ ನೀರು ಹಾಕದೆ ಒಣಪುಡಿಯನ್ನೇ ಸವರಿ. ಹಿಟ್ಟು ಎಣ್ಣೆ ಕುಡಿದು ಪುಟ್ಟ ಪುಟ್ಟ ಸುರುಳಿಯಾಗಿ ಉದುರತೊಡಗುತ್ತದೆ. ಆಮೇಲೆ ಅಂಗೈ ಒದ್ದೆ ಮಾಡಿಕೊಂಡು ಇನ್ನೊಮ್ಮೆ ಮೈಮೇಲೆ ಕೈಯಾಡಿಸಿ, ಕೊನೆಗೆ ಚೊಂಬಿನಲ್ಲಿ ನೀರು ಸುರಿದುಕೊಳ್ಳಿ. ಹೆಸರು, ಕಡಲೆಗಳಲ್ಲಿ ಸೀಗೆಕಾಯಿಯಂತೆ ಅಷ್ಟಿಷ್ಟು ನೊರೆಗುಣ ಇರುವುದರಿಂದ ಉಳಿದ ಎಣ್ಣೆ ನೀರಿನೊಂದಿಗೆ ಹೋಗುತ್ತದೆ. ತುಸು ಎಣ್ಣೆಪಸೆ ಉಳಿದರೆ ಉಳಿಯಲಿ, ಅದಕ್ಕೇ ಅಲ್ಲವೇ ಹಚ್ಚಿದ್ದು.

ಎಣ್ಣೆ ಹಚ್ಚದ ದಿನ 3 ದೊಡ್ಡ ಚಮಚ ಪುಡಿಗೆ ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, 5 ನಿಮಿಷ ನೆನೆಯಲು ಬಿಟ್ಟು ಹಚ್ಚಿ. ಒಬ್ಬರಿಗೆ ಅಷ್ಟು ಸಾಕು. ಮೆಂತ್ಯ ನೆನೆದು ಲೋಳೆ ಬಿಡುವುದರಿಂದ ಹಿಟ್ಟು ಜಾರದೆ ನಿಲ್ಲುತ್ತದೆ. ಮೈ ಮೇಲೆಯೇ ಒಣಗಿ ಬಿಗಿಯಲು ಬಿಡಬೇಡಿ. ಒಣಗಿದ್ದನ್ನು ಕಿತ್ತರೆ ಕೆರೆದಂತೆಯೇ.

ಮೊಸರು, ಹಾಲಿನ ಕೆನೆ ಸೇರಿಸಬಹುದೇ?

ಸೇರಿಸಿ. ಒಣಚರ್ಮದವರಿಗೆ ನೀರಿನ ಬದಲು ಕೆನೆಮೊಸರು ಹಿತ. ಕಲಸಿದ್ದನ್ನು ಮಾತ್ರ ಆಗಲೇ ಮುಗಿಸಬೇಕು, ಉಳಿದರೆ ಗಿಡದ ಬುಡಕ್ಕೆ.

ಸಕ್ಕರೆ ಸ್ಕ್ರಬ್‌ನ ಸರಿಯಾದ ಅಳತೆ ಏನು?

ತೂಕದಲ್ಲಿ ಎರಡು ಪಾಲು ಸಕ್ಕರೆಗೆ ಒಂದು ಪಾಲು ಎಣ್ಣೆ: 100 ಗ್ರಾಂ ಸಕ್ಕರೆಗೆ 50 ಗ್ರಾಂ ಎಣ್ಣೆ. ಚಮಚದ ಲೆಕ್ಕದಲ್ಲಿ 8 ದೊಡ್ಡ ಚಮಚ ಸಕ್ಕರೆಗೆ ಸುಮಾರು 4 ಚಮಚ ಎಣ್ಣೆ. ಕಲಸಿದಾಗ ಒದ್ದೆ ಮರಳಿನಂತಿರಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆ, ಬೆರಳಾಡಿಸಿದರೆ ಪುಡಿ. ಎಣ್ಣೆ ಮೇಲೆ ತೇಲಿದರೆ ಇನ್ನೊಂದು ಚಮಚ ಸಕ್ಕರೆ ಹಾಕಿ.

ಅಂಗಡಿಯ ಸಾದಾ ಸಕ್ಕರೆಯ ಹರಳು ಮೈಗೆ ದೊಡ್ಡದು. ಮಿಕ್ಸಿಯಲ್ಲಿ ಎರಡೇ ಎರಡು ಸಲ ಚಿಟುಕಿಸಿ ಚಿರೋಟಿ ರವೆಯಷ್ಟು ಮಾಡಿಕೊಳ್ಳಿ. ಪೂರ್ತಿ ಪುಡಿಯಾದರೆ ಒದ್ದೆ ಮೈ ಮುಟ್ಟಿದ ಕ್ಷಣ ಕರಗಿಹೋಗುತ್ತದೆ. ಬೆಲ್ಲದ ಪುಡಿಯೂ ಆಗುತ್ತದೆ, ಆದರೆ ಬೆಲ್ಲ ಗಾಳಿಯ ತೇವ ಎಳೆದು ಒಂದೆರಡು ದಿನದಲ್ಲಿ ಪಾಕದಂತಾಗುವುದರಿಂದ ಅವತ್ತಿಗವತ್ತೇ ಕಲಸಿ.

ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಲ್ಲಿ ಕರಗುತ್ತದೆ. ಅದರ ಲಾಭವೆಲ್ಲ ಇಲ್ಲಿದೆ. ಒದ್ದೆ ಮೈ ಮೇಲೆ ಹರಳಿನ ಮೂಲೆಗಳು ಕರಗಿ ದುಂಡಗಾಗುತ್ತವೆ, ಒಂದು ನಿಮಿಷದಲ್ಲಿ ಮಾಯವಾಗುತ್ತವೆ, ಅತಿಯಾಗಿ ಉಜ್ಜುವ ಆಸೆಯಿದ್ದವರಿಗೂ ಅವಕಾಶ ಸಿಗುವುದಿಲ್ಲ. ಮನೆಯಲ್ಲಿ ಮಾಡುವ ಹರಳಿನ ಸ್ಕ್ರಬ್‌ಗಳಲ್ಲಿ ಸಕ್ಕರೆಗೇ ನಮ್ಮ ಮತ. ಪಾಕವಿಧಾನಗಳಲ್ಲಿ ಬರುವ ‘ಸ್ವಲ್ಪ ರೋಸ್ ವಾಟರ್ ಸೇರಿಸಿ’ ಎಂಬ ಸಾಲನ್ನು ಬಿಟ್ಟುಬಿಡಿ. ಆ ನೀರು ಸಕ್ಕರೆಯನ್ನು ಕರಗಿಸಿ ತಳದಲ್ಲಿ ಪಾಕ, ಮೇಲೆ ಎಣ್ಣೆ ಮಾಡುತ್ತದೆ, ಬೂಸಿಗೂ ದಾರಿ ಮಾಡಿಕೊಡುತ್ತದೆ.

ಕೊಬ್ಬರಿ ಎಣ್ಣೆ ಹಾಕಿದ್ದು ಕಲ್ಲಿನಂತೆ ಗಟ್ಟಿಯಾಗಿದೆ, ಕೆಟ್ಟಿತೇ?

ಕೆಟ್ಟಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಬೆಂಗಳೂರು, ಮಡಿಕೇರಿಗಳಲ್ಲಿ ಇದು ದಿನನಿತ್ಯದ ಮಾತು, ಮಂಗಳೂರಿನಲ್ಲಿ ಅಪರೂಪ. ಡಬ್ಬವನ್ನು ಬಿಸಿನೀರಿನ ಪಾತ್ರೆಯಲ್ಲಿ 5 ನಿಮಿಷ ನಿಲ್ಲಿಸಿ, ಒಳಗೆ ನೀರು ಹೋಗದಂತೆ. ಚಳಿ ಊರಿನವರು, ಹೊರದೇಶದಲ್ಲಿರುವವರು ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಎಳ್ಳೆಣ್ಣೆ ಬೆರೆಸಿದರೆ ಮೆತ್ತಗೇ ಇರುತ್ತದೆ. ಹುರಿದ ಎಳ್ಳಿನ ಎಣ್ಣೆ ಬೇಡ, ಮೈಯೆಲ್ಲ ಅಡುಗೆಮನೆ ವಾಸನೆ.

ಬೆನ್ನು, ಎದೆಯ ಮೇಲೆ ಮೊಡವೆ ಏಳುವವರು ಎಣ್ಣೆಯ ಸ್ಕ್ರಬ್ಬನ್ನು ಆ ಭಾಗಕ್ಕೆ ಹಚ್ಚದಿರುವುದು ಒಳ್ಳೆಯದು.

ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ ಬಳಸಬಹುದೇ?

ಬಳಸಬಹುದು, ಒಣಗಿಸಿದರೆ ಮಾತ್ರ. ಒದ್ದೆ ಚರಟಕ್ಕೆ ಎರಡು ದಿನದಲ್ಲಿ ಬೂಸು ಹಿಡಿಯುತ್ತದೆ. ಡಿಕಾಕ್ಷನ್ ಇಳಿದ ದಿನವೇ ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಂದು ದಿನ ಬಿಸಿಲಿಗಿಡಿ, ಮಳೆಗಾಲವಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 8–10 ನಿಮಿಷ ಕೈಯಾಡಿಸಿ. ಕೈಗೆ ಅಂಟದೆ ಮರಳಿನಂತೆ ಉದುರಬೇಕು. 4 ಚಮಚ ಒಣ ಚರಟ, 2 ಚಮಚ ಸಕ್ಕರೆ, 3 ಚಮಚ ಎಣ್ಣೆ ಒಂದು ಸ್ನಾನಕ್ಕೆ ಸರಿ.

ಚಿಕೋರಿ ಹೆಚ್ಚಿರುವ ಪುಡಿಯ ಚರಟ ಮೆತ್ತಗೆ, ಅಂಟಂಟು. ಒಣಗಲು ತಡ, ಒಣಗಿದರೆ ಗಂಟು. ಶುದ್ಧ ಕಾಫಿಯದೇ ಚೆನ್ನ. ಇನ್‌ಸ್ಟಂಟ್ ಕಾಫಿಪುಡಿ ದಂಡ, ನೀರು ಬಿದ್ದೊಡನೆ ಕರಗಿ ಬಚ್ಚಲಿಗೆ ಹೋಗುತ್ತದೆ.

ಕೆಫೀನ್ ತೊಡೆಯ ಏರುತಗ್ಗು ಚರ್ಮವನ್ನು ಸಮ ಮಾಡುತ್ತದೆ ಎಂಬ ಮಾತು ಎಲ್ಲೆಲ್ಲೂ ಇದೆ. ಒಂದೆರಡು ನಿಮಿಷ ಉಜ್ಜಿ ತೊಳೆಯುವ ಚರಟದಿಂದ ಅದಾಗದು. ಉಜ್ಜಿದಾಗ ರಕ್ತಸಂಚಾರ ಹೆಚ್ಚಿ ಸ್ವಲ್ಪ ಹೊತ್ತು ಚರ್ಮ ತುಂಬಿಕೊಂಡಂತೆ ಕಾಣುತ್ತದೆ, ಆಮೇಲೆ ಮೊದಲಿನಂತೆ.

ಉಪ್ಪು?

ಹಿಮ್ಮಡಿ, ಮೊಣಕೈಗೆ ಪುಡಿಯುಪ್ಪು ಸರಿ. ಅಳತೆ ಸಕ್ಕರೆಯದೇ. ಶೇವ್ ಅಥವಾ ವ್ಯಾಕ್ಸ್ ಮಾಡಿಸಿದ ದಿನ, ಗೀರು ಗಾಯ ಇದ್ದಾಗ ಬೇಡ. ಯಾಕೆ ಬೇಡ ಎಂದು ಒಮ್ಮೆ ಹಚ್ಚಿದವರಿಗೆ ಹೇಳಬೇಕಿಲ್ಲ.

ಯಾವುದನ್ನು ಹಚ್ಚಲೇಬಾರದು?

ಮೊದಲನೆಯದು ನಿಂಬೆಹಣ್ಣು. ರಸವೂ ಬೇಡ, ಹೋಳಿನಿಂದ ಉಜ್ಜುವುದೂ ಬೇಡ. ರಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 2, ಚರ್ಮದ್ದು ಸಾಮಾನ್ಯವಾಗಿ 4.5ರಿಂದ 5.5. ಉರಿಯುವುದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ನಿಂಬೆಹಣ್ಣಿನಲ್ಲಿ, ಅದರಲ್ಲೂ ಅದರ ಸಿಪ್ಪೆಯಲ್ಲಿ, ಫ್ಯೂರನೊಕೂಮರಿನ್ ಎಂಬ ರಾಸಾಯನಿಕಗಳಿವೆ. ಅವು ಮೈ ಮೇಲಿರುವಾಗ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಸುಟ್ಟಂತೆ ಕೆಂಪಾಗಿ, ಕೆಲವೊಮ್ಮೆ ಬೊಕ್ಕೆಯೆದ್ದು, ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಬೆಳ್ಳಗಾಗಲೆಂದು ಹಚ್ಚಿದ್ದು ಕಪ್ಪು ಮಾಡಿ ಹೋಗುವುದು ಹೀಗೆ.

ಅಡುಗೆ ಸೋಡಾ ಇನ್ನೊಂದು ತುದಿ. ಕ್ಷಾರ ಗುಣದ್ದು, ಚರ್ಮದ ಸಹಜ ಆಮ್ಲಪದರವನ್ನು ಕೆಡಿಸಿ ಒಣಗಿಸುತ್ತದೆ. ನಿಂಬೆ, ಸೋಡಾ ಎರಡನ್ನೂ ಬೆರೆಸಿದರೆ ಬುರಬುರ ನೊರೆ ಬರುತ್ತದೆ, ನೋಡಲು ಚೆಂದ, ಅಷ್ಟೇ.

ಅಕ್ರೋಟಿನ ಚಿಪ್ಪಿನ ಪುಡಿ, ಏಪ್ರಿಕಾಟ್ ಬೀಜದ ಪುಡಿ ಮನೆ ಮಿಕ್ಸಿಯಲ್ಲಿ ಎಂದೂ ದುಂಡಗೆ ಒಡೆಯುವುದಿಲ್ಲ. ದಾಲ್ಚಿನ್ನಿ, ಲವಂಗದ ಎಣ್ಣೆಗಳಿಗೆ ಚರ್ಮ ಸುಡುವ ಗುಣವಿದೆ. ಲ್ಯಾವೆಂಡರ್‌ನಂಥ ಸುಗಂಧ ತೈಲ ಹಾಕುವುದಾದರೆ 100 ಗ್ರಾಂ ಸ್ಕ್ರಬ್‌ಗೆ 10 ಹನಿ ಮೀರಬೇಡಿ.

ಅರಿಶಿನ ಹಾಕಿದರೆ ಮೈ, ಟವೆಲ್ ಎಲ್ಲ ಹಳದಿ. ಕಸ್ತೂರಿ ಅರಿಶಿನ ಬಣ್ಣ ಬಿಡುವುದಿಲ್ಲ ಎಂದರು, ಅದೂ ಬಿಟ್ಟಿತು.

ನಿಮಗೆ ಸಿಕ್ಕಿದ್ದು ಬಹುಶಃ ಅಡುಗೆ ಅರಿಶಿನವೇ. ನಿಜವಾದ ಕಸ್ತೂರಿ ಅರಿಶಿನದ ಪುಡಿ ಮಾಸಲು ಕೆನೆಬಣ್ಣದ್ದು, ಕರ್ಪೂರದಂಥ ಘಾಟು ಇರುತ್ತದೆ, ಮೈಗೆ ಬಣ್ಣ ಹಿಡಿಯುವುದು ಕಡಿಮೆ. ಹೊಳೆಯುವ ಹಳದಿಯ ಪುಡಿಗೆ ಆ ಹೆಸರು ಅಂಟಿಸಿ ಮಾರುವುದು ಸಾಮಾನ್ಯ. ಗ್ರಂಥಿಗೆ ಅಂಗಡಿಯಲ್ಲಿ ಕೊಂಬೇ ಕೊಂಡು ಒಡೆದು ನೋಡಿ. ಅಡುಗೆ ಅರಿಶಿನವೇ ಗತಿಯಾದರೆ ಒಂದು ಸ್ನಾನಕ್ಕೆ ಚಿಟಿಕೆ ಮೀರದಿರಲಿ. ಕಲೆಯಾದ ಟವೆಲನ್ನು ಒಗೆದು ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ.

ವಾರಕ್ಕೆ ಎಷ್ಟು ಸಲ? ಎಷ್ಟು ಹೊತ್ತು?

ಹರಳಿನ ಸ್ಕ್ರಬ್ ವಾರಕ್ಕೆ ಒಮ್ಮೆ, ದಪ್ಪ ಚರ್ಮದವರಿಗೆ ಹೆಚ್ಚೆಂದರೆ ಎರಡು ಸಲ. ನುಣ್ಣನೆ ಹಿಟ್ಟು ಸೋಪಿನ ಬದಲು ದಿನಾ ಆದೀತು, ತಿಕ್ಕದೆ ಸವರಿದರೆ. ಮೊದಲು 5 ನಿಮಿಷ ಬೆಚ್ಚಗಿನ ನೀರು ಸುರಿದುಕೊಂಡು ಮೈ ನೆನೆಯಲಿ. ಆಮೇಲೆ ಕೈಕಾಲು, ಬೆನ್ನು, ಹೊಟ್ಟೆ ಒಂದೊಂದಕ್ಕೂ ಅರ್ಧ ನಿಮಿಷ, ಅಂಗೈಯಿಂದ, ವೃತ್ತಾಕಾರವಾಗಿ. ಮಗುವಿನ ಬೆನ್ನು ಸವರುವಷ್ಟೇ ಭಾರ. ಉಜ್ಜಿದ ಹತ್ತು ನಿಮಿಷದ ಮೇಲೂ ಕೆಂಪಾಗಿದ್ದರೆ, ಟವೆಲ್ ತಾಗಿದರೆ ಉರಿದರೆ ಅತಿಯಾಯಿತು ಎಂದರ್ಥ, ಎರಡು ವಾರ ನಿಲ್ಲಿಸಿ.

ಮೈ ಒರೆಸುವಾಗ ಒತ್ತಿ ಒರೆಸಿ, ತುಸು ಪಸೆ ಇರುವಾಗಲೇ ಎಣ್ಣೆಯೋ ಕ್ರೀಮೋ ಹಚ್ಚಿ. ವ್ಯಾಕ್ಸ್ ಆದಮೇಲೆ 2 ದಿನ ಬಿಡುವು.

ಕುತ್ತಿಗೆ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಅದು ಕೊಳೆಯಲ್ಲ, ಆದ್ದರಿಂದಲೇ ಹೋಗುವುದಿಲ್ಲ. ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗೆ, ಕಪ್ಪಗೆ ಆಗುವುದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ಅದಕ್ಕೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು, ತೂಕ ಹೆಚ್ಚಿರುವುದು ಕಾರಣ. ಡಯಾಬಿಟಿಸ್ ಬರುವ ಮುಂಚಿನ ಸೂಚನೆಯೂ ಆಗಿರಬಹುದು. ಕಡಲೆಹಿಟ್ಟಿಗೆ ಹಾಕುವ ದುಡ್ಡಿನಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿ. ಮಕ್ಕಳ ಕುತ್ತಿಗೆ ಹೀಗಿದ್ದರೆ ‘ಸರಿಯಾಗಿ ಸ್ನಾನ ಮಾಡಲ್ಲ’ ಎಂದು ಗದರಿ ತಿಕ್ಕುವುದು ಮಾಮೂಲು, ಅದು ಅನ್ಯಾಯ.

ಇನ್ನೊಂದಿದೆ. ತೋಳು, ಮೊಣಕಾಲ ಕೆಳಗಿನ ಎಲುಬು, ಕಾಲರ್ ಮೂಳೆ, ಬೆನ್ನಿನ ಮೇಲ್ಭಾಗ, ಅಂದರೆ ಚರ್ಮದಡಿ ಎಲುಬು ಹತ್ತಿರವಿರುವ ಕಡೆ ಬೂದುಗಪ್ಪು ಬಣ್ಣ. ಇದು ವರ್ಷಗಟ್ಟಲೆ ನೈಲಾನ್ ಬ್ರಷ್, ಒರಟು ನಾರಿನಿಂದ ತಿಕ್ಕಿದ್ದರಿಂದಲೇ ಬರುವ ಘರ್ಷಣೆಯ ಕಪ್ಪು. ಕಪ್ಪಾಯಿತೆಂದು ಇನ್ನಷ್ಟು ತಿಕ್ಕುತ್ತಾರೆ, ತಿಕ್ಕಿದಷ್ಟೂ ಕಪ್ಪಾಗುತ್ತದೆ. ತಿಕ್ಕುವುದು ನಿಲ್ಲಿಸುವುದೇ ಇದರ ಮೊದಲ ಮದ್ದು, ತಿಳಿಯಾಗಲು ತಿಂಗಳುಗಳೇ ಬೇಕು.

ತೋಳಿನ ಮೇಲೆ ಕೋಳಿಚರ್ಮದಂಥ ಸಣ್ಣ ಗುಳ್ಳೆಗಳು, ಬೆನ್ನ ಮೇಲೆ ಸಿಬ್ಬು. ಸ್ಕ್ರಬ್ ಸಹಾಯ ಮಾಡುತ್ತದೆಯೇ?

ಗುಳ್ಳೆಗಳು ರೋಮದ ಬುಡದಲ್ಲಿ ಕೆರಾಟಿನ್ ಎಂಬ ಚರ್ಮದ ಪ್ರೋಟೀನ್ ಕಟ್ಟಿಕೊಂಡು ಆಗುವಂಥವು. ಉಜ್ಜಿದರೆ ಕೆಂಪಾಗಿ ಹೆಚ್ಚುತ್ತವೆ. ಯೂರಿಯಾ ಅಥವಾ ಲ್ಯಾಕ್ಟಿಕ್ ಆಮ್ಲದ ಕ್ರೀಮು ಕೆಲಸ ಮಾಡುತ್ತದೆ. ಸಿಬ್ಬು ಶಿಲೀಂಧ್ರದ್ದು, ಅದರ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಗಜಕರ್ಣ ಇದ್ದರಂತೂ ಮುಟ್ಟಲೇಬೇಡಿ: ಉಜ್ಜಿದ ಕೈ, ನಾರು, ಟವೆಲ್‌ನಿಂದ ಮೈಗೆಲ್ಲ, ಮನೆಗೆಲ್ಲ ಹರಡುತ್ತದೆ. ಮೂರಕ್ಕೂ ಚರ್ಮವೈದ್ಯರೇ ಸರಿ. ಡಯಾಬಿಟಿಸ್ ಇದ್ದು ಪಾದದ ಸ್ಪರ್ಶ ಮಂದವಾಗಿರುವವರು ಹಿಮ್ಮಡಿಯನ್ನೂ ಉಜ್ಜಬಾರದು.

ಇದೇ ಮುಖಕ್ಕೂ ಆಗುತ್ತದೆಯೇ?

ವಸ್ತ್ರಗಾಳಿತ ಹೆಸರುಹಿಟ್ಟು ಆಗುತ್ತದೆ. ಸಕ್ಕರೆ, ಉಪ್ಪು, ಕಾಫಿ ಬೇಡ.

ಶಿಶುವಿನ ಮೈರೋಮ ಹೋಗಲೆಂದು ಹಿಟ್ಟು ತಿಕ್ಕುತ್ತಾರಲ್ಲ?

ಆ ರೋಮ ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ಶಿಶುವಿನ ಚರ್ಮ ತೆಳು, ತಿಕ್ಕಿದರೆ ಗೀರಿ ಸೋಂಕಾಗಬಹುದು, ಒಣಪುಡಿ ಹಾರಿ ಮೂಗಿಗೆ ಹೋಗುವ ಭಯ ಬೇರೆ. ದೊಡ್ಡವರು ಕೂಡ ಯಾವುದೇ ಹೊಸ ಪುಡಿಯನ್ನು ಮುಂಗೈಯ ಒಳಭಾಗಕ್ಕೆ ಹಚ್ಚಿ ತೊಳೆದು 24 ಗಂಟೆ ಕಾದು ನೋಡುವುದು ಕ್ಷೇಮ. ಕಡಲೆ, ಹೆಸರು, ಎಳ್ಳು, ಬಾದಾಮಿ ತಿಂದರೆ ಅಲರ್ಜಿ ಆಗುವವರು ಅದನ್ನು ಮೈಗೂ ಹಚ್ಚಬಾರದು.

ಎಷ್ಟು ದಿನ ಇಡಬಹುದು?

ಸ್ನಾನದ ಪುಡಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ 2–3 ತಿಂಗಳು, ಒಣ ಚಮಚ ಹಾಕಿದರೆ. ಮಳೆಗಾಲದಲ್ಲಿ ಒಂದು ತಿಂಗಳಿಗಾಗುವಷ್ಟೇ ಮಾಡಿ, ಇಲ್ಲದಿದ್ದರೆ ಹುಳ ಗ್ಯಾರಂಟಿ. ಡಬ್ಬವನ್ನು ಬಚ್ಚಲಲ್ಲಿ ಇಡುವುದೇ ಎಲ್ಲರೂ ಮಾಡುವ ತಪ್ಪು: ಅಲ್ಲಿನ ಹಬೆ ಒಂದೇ ವಾರದಲ್ಲಿ ಹಿಟ್ಟನ್ನು ಮುಗ್ಗಲು ಮಾಡುತ್ತದೆ. ಬೇಕಾದಷ್ಟನ್ನು ಬಟ್ಟಲಿಗೆ ಹಾಕಿಕೊಂಡು ಹೋಗಿ. ಎಣ್ಣೆ–ಸಕ್ಕರೆ ಸ್ಕ್ರಬ್ ಗಾಜಿನ ಡಬ್ಬದಲ್ಲಿ ಒಂದು ತಿಂಗಳು. ಒದ್ದೆ ಬೆರಳು ಅದ್ದಿದರೆ ಆ ಲೆಕ್ಕವೆಲ್ಲ ಸುಳ್ಳು. ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ, ಎಸೆಯಿರಿ.

ಹೀರೆಕಾಯಿ ನಾರಿನಿಂದ ಉಜ್ಜುವುದು?

ತುಪ್ಪದ ಹೀರೆಯ ನಾರು ಎಲ್ಲಕ್ಕಿಂತ ಚೆನ್ನ. ಬಳ್ಳಿಯಲ್ಲೇ ಒಣಗಿ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವಾಗ ಕಿತ್ತು, ಸಿಪ್ಪೆ ಸುಲಿದು, ಬೀಜ ಉದುರಿಸಿ, ತೊಳೆದು ಒಣಗಿಸಿ. ನಾರಿಗೆ ಹಿಟ್ಟು ಮಾತ್ರ ಹಾಕಿ, ಸಕ್ಕರೆ ಬೇಡ, ಎರಡೂ ಸೇರಿದರೆ ಒರಟು ದುಪ್ಪಟ್ಟು. ಪ್ರತಿ ಸಲ ಹಿಂಡಿ ಗಾಳಿಗೆ ನೇತುಹಾಕಿ, ತಿಂಗಳಿಗೊಮ್ಮೆ ಬದಲಿಸಿ.

ಬಚ್ಚಲ ಪೈಪು ಕಟ್ಟಿಕೊಳ್ಳುತ್ತದೆಯೇ?

ಖಂಡಿತ. ಕಾಫಿ ಚರಟ ಮತ್ತು ಗಟ್ಟಿಯಾದ ಕೊಬ್ಬರಿ ಎಣ್ಣೆ ಸೇರಿದರೆ ಗಾರೆಯೇ ಸರಿ. ಅಪಾರ್ಟ್‌ಮೆಂಟಿನವರು, ಹೊರದೇಶದಲ್ಲಿ ಟಬ್ಬಿನಲ್ಲಿ ದೀಪಾವಳಿಯ ಎಣ್ಣೆಸ್ನಾನ ಮಾಡುವವರು ಜಾಲರಿಯ ಮೇಲೆ ಹಳೆ ಬಟ್ಟೆಯ ತುಂಡು ಹಾಸಿ, ಉದುರಿದ್ದನ್ನು ಬಳಿದು ಕಸಕ್ಕೆ ಹಾಕಿ. ನೆಲ ಜಾರುವುದು ಅದಕ್ಕಿಂತ ದೊಡ್ಡ ಅಪಾಯ. ಎಣ್ಣೆಯ ಸ್ಕ್ರಬ್ ಹಚ್ಚುವಾಗ ಮಣೆಯ ಮೇಲೆ ಕೂತಿರಿ, ಮುಗಿದ ಮೇಲೆ ಒಣ ಹಿಟ್ಟು ಉದುರಿಸಿ ನೆಲ ಗುಡಿಸಿ, ಆಮೇಲೆ ಸೋಪುನೀರಲ್ಲಿ ತೊಳೆಯಿರಿ. ಮುಂದೆ ಸ್ನಾನಕ್ಕೆ ಬರುವವರು ಮನೆಯ ಹಿರಿಯರಾಗಿದ್ದರೆ ಇದನ್ನು ಮರೆಯಲೇಬೇಡಿ.

ಮಾಡಿ ಮಾರಬಹುದೇ?

ನೆಂಟರಿಗೆ ಕೊಡುವುದು ಬೇರೆ ಮಾತು. ಮಾರಾಟಕ್ಕೆಂದು ತಯಾರಿಸಿದರೆ ಅದು ಕಾಸ್ಮೆಟಿಕ್ ಆಗುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಲೈಸೆನ್ಸ್ ಬೇಕು, ಲೇಬಲ್ ಮೇಲೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇರಬೇಕು. ‘ಮನೆಯಲ್ಲೇ ಮಾಡಿದ್ದು’ ಎಂಬ ಚೀಟಿ ಲೈಸೆನ್ಸಿಗೆ ಬದಲಿಯಲ್ಲ.